ಮೊದಲ ಒಗೆತ

ನಮ್ಮ ಬ್ಯಾಂಡಿನ ಹೆಸರು ‘ಒದ್ದೆ ಬಟ್ಟೆ’. ನಗುವವರು ಈಗಲೇ ನಕ್ಕು ಮುಗಿಸಿಬಿಡಿ, ಆಮೇಲೆ ನಡುನಡುವೆ ಹಲ್ಲು ಕಿರಿದರೆ ನನಗೆ ಸಿಟ್ಟು ಬರುತ್ತದೆ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಹುಟ್ಟಿದ ಬ್ಯಾಂಡಿಗೆ ಇನ್ನೇನು ಹೆಸರಿಡಬೇಕಿತ್ತು? ಲಾಂಡ್ರಿ ಅಮ್ಮನದು ಮತ್ತು ನನ್ನದು. ಡ್ರಮ್ಸ್ ಬಾರಿಸುವವಳು ನಾನು. ಗಿಟಾರ್ ಹಿಡಿದು ಹಾಡುವವನು ನನ್ನ ತಮ್ಮ. ಹೊಟ್ಟೆಪಾಡಿಗೆ ಜನರಿಗೆ ಕಾರು ಓಡಿಸಲು ಕಲಿಸುತ್ತಾನೆ. ಬೇಸ್ ಗಿಟಾರ್ ನಮ್ಮ ಬೀದಿಯ ಶಾಲೆಯ ಗಣಿತದ ಮೇಷ್ಟ್ರದು. ಮೇಷ್ಟ್ರು ಮಾತಾಡುವುದೇ ಅಪರೂಪ, ಆಡಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ನಾವು ನುಡಿಸುವುದು ಬ್ಲೂಸ್ ರಾಕ್. ಅಂದರೆ ದುಃಖದ ಹಾಡನ್ನು ಪಕ್ಕದ ಮನೆಯವರ ಕಿವಿ ಹರಿಯುವ ಹಾಗೆ ಹಾಡುವುದು. ನನ್ನ ತಮ್ಮನಿಗೆ ಕೂದಲು ಉದುರುತ್ತಿರುವುದು ಬಿಟ್ಟರೆ ಜೀವನದಲ್ಲಿ ಬೇರೆ ದುಃಖವೇ ಇಲ್ಲ. ಆದರೂ ಕಣ್ಣು ಮುಚ್ಚಿ ಬಾಯಿ ತೆರೆದನೆಂದರೆ ಮನೆ ಸುಟ್ಟು, ಹೆಂಡತಿ ಬಿಟ್ಟು, ನಾಯಿ ಸತ್ತವನ ಹಾಗೆ ಕೇಳಿಸುತ್ತದೆ. ಈ ಹಾಡುಗಳ ತಾಳಕ್ಕೆ ಶಫಲ್ ಅನ್ನುತ್ತಾರೆ. ನೆಟ್ಟಗೆ ನಡೆಯುವ ತಾಳವಲ್ಲ ಅದು, ಒಂದು ಪೆಟ್ಟು ಉದ್ದ, ಮುಂದಿನದು ಗಿಡ್ಡ: ಧಪ್... ತ, ಧಪ್... ತ. ನಮ್ಮ ಶಫಲ್ ಕೇಳಿದವರೆಲ್ಲ ನನ್ನ ಕೈಯನ್ನು ಹೊಗಳಿದವರೇ. ಇಂಥ ತಾಳ ಎಲ್ಲಿ ಕಲಿತಿರಿ ಎಂದು ಕೇಳಿದರೆ, ಹುಟ್ಟಿನಿಂದ ಬಂದದ್ದು ಎಂದು ಸೆಟೆದುಕೊಂಡು ಹೇಳುತ್ತಿದ್ದೆ.

ಅಭ್ಯಾಸ ಮಧ್ಯಾಹ್ನ, ಗಿರಾಕಿಗಳು ಕಡಿಮೆ ಇರುವ ಹೊತ್ತಿನಲ್ಲಿ. ಕಟ್ಟಡ ಹಳೆಯದು, ನೆಲಕ್ಕೆ ಮರದ ಹಲಗೆ. ಮೂಲೆಯಲ್ಲಿ ನಮ್ಮ ದೊಡ್ಡ ವಾಷಿಂಗ್ ಮೆಷೀನು. ಅದಕ್ಕೆ ‘ಆನೆ’ ಅಂತಲೇ ಹೆಸರು, ಕುಡಿಯುವ ನೀರು ನೋಡಿ ಇಟ್ಟದ್ದು. ನಾವು ನುಡಿಸುತ್ತೇವೆಂದು ಕೆಲಸ ನಿಲ್ಲಿಸುವ ಹಾಗಿಲ್ಲ. ಆನೆ ತಿರುಗುತ್ತಲೇ ಇರುತ್ತದೆ. ಅಮ್ಮ ಮಡಿಸಿದ ಬಟ್ಟೆಯ ರಾಶಿ ಹೊತ್ತು ಇಸ್ತ್ರಿ ಮೇಜಿನಿಂದ ಕಪಾಟಿಗೆ, ಕಪಾಟಿನಿಂದ ಮೇಜಿಗೆ ಗೊಣಗುತ್ತಾ ಓಡಾಡುತ್ತಲೇ ಇರುತ್ತಾಳೆ.

“ಮಗ ಅಳ್ತಾನೆ, ಮಗಳು ಡಬ್ಬ ಬಡೀತಾಳೆ. ಹೆತ್ತಿದ್ದಕ್ಕೂ ಸಾರ್ಥಕ ಆಯ್ತು,” ಎನ್ನುವುದು ನಮ್ಮ ಸಂಗೀತದ ಬಗ್ಗೆ ಅಮ್ಮನ ಅಭಿಪ್ರಾಯ.

ಅಮ್ಮನಿಗೆ ಎಡ ಸೊಂಟದ ಕೀಲು ಸವೆದು ವರ್ಷಗಳೇ ಆಗಿದ್ದವು. ‘ಮುಂದಿನ ತಿಂಗಳು ನೋಡೋಣ’ ಎಂದು ತಳ್ಳಿ ತಳ್ಳಿ, ಕೊನೆಗೆ ಡಾಕ್ಟರು ಗದರಿದ ಮೇಲೆ ಆಪರೇಷನ್ನಿಗೆ ದಿನ ಗೊತ್ತಾಯಿತು. ಅದಾದ ಮೇಲೆ ಆಸ್ಪತ್ರೆ, ಆರೈಕೆ, ಅಂಗಡಿ ಎಲ್ಲವೂ ನನ್ನ ತಲೆಯ ಮೇಲೆ. ಹಾಗಾಗಿ ನಮ್ಮ ಮೊದಲ ಆಲ್ಬಂ ಅದಕ್ಕೆ ಮುಂಚೆಯೇ ಮುಗಿಯಬೇಕಿತ್ತು. ಹೆಸರು ಆಗಲೇ ಇಟ್ಟಾಗಿತ್ತು, ‘ಮೊದಲ ಒಗೆತ’. ಅಮ್ಮನ ಆಪರೇಷನ್ನಿನ ಹಿಂದಿನ ವಾರ ಎರಡು ದಿನಕ್ಕೆ ಸ್ಟುಡಿಯೋ ಹಿಡಿದೆವು.

ಸ್ಟುಡಿಯೋ ಒಂದು ಹಳೆಯ ಕಟ್ಟಡದ ಮಹಡಿಯ ಮೇಲಿತ್ತು. ಬಾಗಿಲ ಹೊರಗೆ ಹಲಗೆ ನೆಲದ ಉದ್ದನೆಯ ಕಾರಿಡಾರು, ಓಣಿಯ ಹಾಗೆ; ಒಳಗೆ ಗೋಡೆಗೂ ನೆಲಕ್ಕೂ ದಪ್ಪ ಕಾರ್ಪೆಟ್ಟು. ಬಾಗಿಲು ಹಾಕಿದರೆ ನಮ್ಮ ಉಸಿರು ನಮಗೇ ಕೇಳಿಸುವಷ್ಟು ನಿಶ್ಶಬ್ದ. ಅಲ್ಲಿನ ರೆಕಾರ್ಡಿಂಗ್ ಇಂಜಿನಿಯರ್ ಗಾಜಿನ ಆಚೆ ಕೂತು, “ಯಾವಾಗ ಬೇಕಾದ್ರೂ ಶುರು ಮಾಡಿ ಮೇಡಂ,” ಎಂದ. ಬಹಳ ವಿನಯವಂತ. ಅವನ ವಿನಯ ಎಷ್ಟು ಹೊತ್ತು ಇರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಶುರು ಮಾಡಿದೆ. ಏನಾಯಿತೋ ಏನೋ, ಕೈ ನನ್ನದೇ ಅಲ್ಲ ಅನ್ನಿಸಿತು. ಹಾಡು ಮೊದಲ ಸಾಲಿನಲ್ಲಿ ಓಡಿತು, ಎರಡನೆಯದರಲ್ಲಿ ತೂಕಡಿಸಿತು, ಮೂರನೆಯದರಲ್ಲಿ ತಮ್ಮ ಒಂದು ಕಡೆ, ಮೇಷ್ಟ್ರು ಇನ್ನೊಂದು ಕಡೆ, ನಾನು ಎಲ್ಲೂ ಇಲ್ಲ. ಮತ್ತೆ ಬಾರಿಸಿದೆ, ಅದೇ ಗತಿ. ಇಂಜಿನಿಯರ್ ನನ್ನ ಕಿವಿಗೆ ಹೆಡ್‌ಫೋನ್ ಹಾಕಿ ಅದರೊಳಗೆ ಟಿಕ್ ಟಿಕ್ ಎಂಬ ಸದ್ದು ಬಿಟ್ಟ. ಅದಕ್ಕೆ ಸರಿಯಾಗಿ ಬಾರಿಸಬೇಕಂತೆ. ಆ ಟಿಕ್ ಟಿಕ್ಕಿಗೆ ಶಫಲ್ ಬಾರಿಸಿದರೆ ಸಿಪಾಯಿ ಕವಾಯತು ಮಾಡಿದ ಹಾಗಾಯಿತು. ಬಾರಿಸಿದ್ದನ್ನು ಅವನು ನಮಗೇ ಕೇಳಿಸಿದಾಗ ನೆಲ ಬಾಯಿ ಬಿಡಬಾರದೇ ಎಂದುಕೊಂಡೆ.

ಸಂಜೆಯಾಗುವ ಹೊತ್ತಿಗೆ ಇಂಜಿನಿಯರ್ ಗಂಟಲು ಸರಿಮಾಡಿಕೊಂಡ. “ತಪ್ಪು ತಿಳ್ಕೋಬೇಡಿ ಮೇಡಂ. ನಮಗೆ ಗೊತ್ತಿರೋ ಡ್ರಮ್ಮರ್ ಒಬ್ರಿದ್ದಾರೆ. ಕರೆದ್ರೆ ಬರ್ತಾರೆ. ನಿಮ್ಮ ಹೆಸರು ಬೇಕಾದ್ರೆ ಕವರ್ ಮೇಲೆ ಹಾಗೇ ಇರ್ಲಿ.”

ನಾನು ತಮ್ಮನ ಮುಖ ನೋಡಿದೆ. ಅವನು ಗಿಟಾರಿನ ತಂತಿಯನ್ನು, ಅದು ಸರಿಯಾಗಿಯೇ ಇದ್ದರೂ, ತಿರುಚತೊಡಗಿದ್ದ.

“ಏನೋ, ಬಾಯಿಗೆ ಬೀಗ ಬಿತ್ತಾ?” ಎಂದೆ.

“ಹಾಗಲ್ಲಕ್ಕ. ಆಲ್ಬಂ ಆಗ್ಬೇಕಲ್ಲ. ನಾಳೆ ಒಂದೇ ದಿನ ಇರೋದು.”

ಮೈಯೆಲ್ಲ ಉರಿದುಹೋಯಿತು. ಇವನಿಗೆ ಹಾಡಲು ಜಾಗ ಕೊಟ್ಟವಳು ನಾನು. ಗಿರಾಕಿಗಳ ಬೈಗುಳ ತಿಂದವಳು ನಾನು. ಬೆಳಗಿನಿಂದ ಸೋಪಿನ ನೀರಲ್ಲಿ ಬಿರಿದ ಕೈಗೆ ಬಟ್ಟೆ ಸುತ್ತಿಕೊಂಡು ಬಾರಿಸಿದವಳು ನಾನು. ಇಡೀ ದಿನದಲ್ಲಿ ನಾನು ನಾನಾಗಿ ಇರುತ್ತಿದ್ದದ್ದು ಆ ಡ್ರಮ್ಸಿನ ಹಿಂದೆ ಕೂತಾಗ ಮಾತ್ರ. ನನ್ನ ಹೆಸರು ಹೊತ್ತ ಆಲ್ಬಮ್ಮಿನಲ್ಲಿ ಇನ್ಯಾವನದೋ ಕೈ ಇರುವುದಾದರೆ, ನಾನು ಮತ್ತೆ ಆ ಸ್ಟೂಲಿನ ಮೇಲೆ ಯಾವ ಮುಖ ಇಟ್ಟುಕೊಂಡು ಕೂರಲಿ?

“ನಾಳೆ ಮಧ್ಯಾಹ್ನದ ತನಕ ಟೈಮ್ ಕೊಡಿ. ಆಗ್ಲಿಲ್ಲ ಅಂದ್ರೆ ನಿಮ್ಮವರನ್ನ ಕರೆಸ್ಕೊಳ್ಳಿ. ಆದ್ರೆ ನನ್ನ ಹೆಸರು ಕಿತ್ತುಹಾಕಿ,” ಎಂದು ಎದ್ದು ಬಂದೆ.

ಮೆಟ್ಟಿಲಿಳಿಯುವಾಗ ಮೇಷ್ಟ್ರು ಬಾಯಿ ತೆರೆದರು. “ನೋಡಿ ಅಕ್ಕ, ಅಂಗಡೀಲಿ ಸದ್ದಿತ್ತು. ಇಲ್ಲಿಲ್ಲ.”

“ಯಾವ ಸದ್ದು ಮೇಷ್ಟ್ರೇ?”

“ಅದನ್ನ ಹೇಗೆ ಹೇಳೋದು. ಇತ್ತು ಅಷ್ಟೆ.”

ತಮ್ಮ ಮೆಟ್ಟಿಲ ಮೇಲೇ ನಿಂತುಬಿಟ್ಟ. “ಆನೆ,” ಎಂದ. “ಅಕ್ಕ, ನೀನು ಇಷ್ಟು ದಿನ ಆನೆ ಸದ್ದಿಗೆ ಬಾರಿಸ್ತಾ ಇದ್ದೆ.”

ನನ್ನ ಕಲೆ ಒಂದು ವಾಷಿಂಗ್ ಮೆಷೀನಿನ ಭಿಕ್ಷೆ ಎಂದು ಹೇಳಿದ್ದಕ್ಕೆ ಅವನಿಗೆ ಎರಡು ಬಿಡಬೇಕಿತ್ತು. ಆದರೆ ಮುಳುಗುವವಳಿಗೆ ಬೇರೆ ದಾರಿ ಕಾಣಲಿಲ್ಲ. ಮಾರನೆಯ ಬೆಳಿಗ್ಗೆ ಅಮ್ಮ ಆಪರೇಷನ್ನಿಗೆ ಮುಂಚಿನ ರಕ್ತಪರೀಕ್ಷೆಗೆ ಹೋಗುವುದನ್ನೇ ಕಾದಿದ್ದು, ಬಾಡಿಗೆಯ ವ್ಯಾನ್ ತರಿಸಿ ಆನೆಯನ್ನು ಹೊರಡಿಸಿದೆವು. ಅವಸರದಲ್ಲಿ ಒಳಗಿದ್ದ ಬಟ್ಟೆ ತೆಗೆಯಲು ಯಾರಿಗೂ ಹೊಳೆಯಲಿಲ್ಲ. ಯಾವುದೋ ಹಾಸ್ಟೆಲ್ಲಿನ ಬೆಡ್‌ಶೀಟುಗಳು ನೀರು ಕುಡಿದು ಕೂತಿದ್ದವು. ಆ ಭಾರ ಹೊತ್ತು ಮಹಡಿ ಹತ್ತುವಾಗ ತಮ್ಮನ ಬಾಯಿಂದ ಬಂದ ಸ್ವರ ಅವನ ಯಾವ ಹಾಡಿನಲ್ಲೂ ಬಂದಿಲ್ಲ. ಅದನ್ನು ರೆಕಾರ್ಡ್ ಮಾಡಿದ್ದರೆ ಸಾಕಿತ್ತು.

ಆನೆಯನ್ನು ಮೇಲಕ್ಕೆ ಸಾಗಿಸಿ, ಸುಧಾರಿಸಿಕೊಳ್ಳುತ್ತಿರುವಾಗ ಮೇಷ್ಟ್ರು ಬೆವರು ಒರೆಸಿಕೊಂಡು ಹೇಳಿದರು. “ಹೊರಡೋ ಮುಂಚೆ ಅಂಗಡೀಲೇ ಒಂದ್ಸಲ ಬಾರಿಸಿ ನೋಡ್ಬಹುದಿತ್ತೇನೋ.”

ಅವರ ಮಾತಿಗೆ ನಾವ್ಯಾರೂ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಶಾಲೆಗೆ ಒಬ್ಬ ಮೇಷ್ಟ್ರು ಕಡಿಮೆಯಾಗುತ್ತಿದ್ದರು.

ಇಂಜಿನಿಯರ್ ಕಣ್ಣು ಬಾಯಿ ಬಿಟ್ಟುಕೊಂಡು ನಿಂತಿದ್ದ. “ಮೇಡಂ, ಇದೇನು?”

“ವಾದ್ಯ,” ಎಂದೆ.

ಬಚ್ಚಲಿನ ನಲ್ಲಿಗೆ ಪೈಪು ಸಿಕ್ಕಿಸಿ, ಆನೆಯನ್ನು ಚಾಲೂ ಮಾಡಿ, ಡ್ರಮ್ಸಿನ ಹಿಂದೆ ಕೂತೆ. ಆನೆ ಗುರ್ ಎಂದಿತು. ಮತ್ತೆ ಗುರ್ ಎಂದಿತು. ಕೊನೆತನಕ ಅದು ಅಂದದ್ದು ಅಷ್ಟೇ. ಅದರಲ್ಲಿ ಉದ್ದವೂ ಇಲ್ಲ, ಗಿಡ್ಡವೂ ಇಲ್ಲ, ತಾಳದ ಸುಳಿವೂ ಇಲ್ಲ. ಹೊಟ್ಟೆ ಕೆಟ್ಟವರ ಸದ್ದು. ಆದರೂ ಹಟಕ್ಕೆ ಬಿದ್ದು ಬಾರಿಸಿದೆ, ನಿನ್ನೆಗಿಂತ ಕೆಟ್ಟದಾಗಿ ಬಂತು. ಅಷ್ಟರಲ್ಲಿ ಪೈಪು ಕಳಚಿ ಸೋಪಿನ ನೀರು ಕಾರ್ಪೆಟ್ಟಿನ ಮೇಲೆ ಮೆರವಣಿಗೆ ಹೊರಟಿತು. ಇಂಜಿನಿಯರ್ ಕಿರುಚಿಕೊಂಡು ಆನೆಯ ಪ್ಲಗ್ ಕಿತ್ತು, ವೈರುಗಳನ್ನೆಲ್ಲ ಎತ್ತಿ ಕುರ್ಚಿಯ ಮೇಲೆ ಹಾಕಿದ. ಅವನ ವಿನಯ ಅಲ್ಲಿಗೆ ಮುಗಿಯಿತು.

“ಸಾಕಮ್ಮ ನಿಮ್ಮ ಸಹವಾಸ,” ಎಂದು ಫೋನ್ ತೆಗೆದು ನನ್ನ ಎದುರಿಗೇ ಆ ಡ್ರಮ್ಮರನಿಗೆ ಬರಹೇಳಿದ. ತಮ್ಮನೂ ಮೇಷ್ಟ್ರೂ ನೆನೆದ ಕಾರ್ಪೆಟ್ಟಿನ ತುದಿ ಸುತ್ತಿಟ್ಟು, ಗಾಳಿಯಾಡಲೆಂದು ಬಾಗಿಲು ತೆರೆದಿಟ್ಟರು. ನಾನು ಸ್ಟೂಲಿನಿಂದ ಏಳಲಿಲ್ಲ. ಎದ್ದರೆ ಅಳುತ್ತೇನೆಂದು ಗೊತ್ತಿತ್ತು. ಕೋಲುಗಳನ್ನು ಹಿಡಿದು ಸುಮ್ಮನೆ ನೆಲ ನೋಡುತ್ತಾ ಕೂತೆ.

ಆಗ ನನ್ನ ಬಲಗೈ ತನ್ನಷ್ಟಕ್ಕೆ ಎದ್ದಿತು. ಧಪ್... ತ. ಎಡಗೈಯೂ ಎದ್ದಿತು. ಧಪ್... ತ, ಧಪ್... ತ. ಯಾಕೆಂದು ಯೋಚಿಸುವ ಮೊದಲೇ ಎರಡೂ ಕೈ, ಎರಡೂ ಕಾಲು ಹೊರಟುಬಿಟ್ಟಿದ್ದವು. ಮೇಷ್ಟ್ರು ಒರೆಸುವ ಬಟ್ಟೆ ಬಿಸಾಕಿ ಬೇಸ್ ಎತ್ತಿಕೊಂಡರು. ತಮ್ಮ ಒದ್ದೆ ಕಾಲಲ್ಲೇ ಗಿಟಾರಿಗೆ ಓಡಿದ. ಇಂಜಿನಿಯರ್ ಫೋನ್ ಕಿವಿಯಲ್ಲಿಟ್ಟುಕೊಂಡೇ ಕಲ್ಲಾಗಿ ನಿಂತ. ನಮ್ಮ ಶಫಲ್ ಅದು, ಅಂಗಡಿಯ ಮಧ್ಯಾಹ್ನದ ಶಫಲ್, ಎಲ್ಲೂ ಓಡದೆ, ಎಲ್ಲೂ ತೂಕಡಿಸದೆ ಬರುತ್ತಿತ್ತು.

ಬಾಗಿಲಲ್ಲಿ ಅಮ್ಮ ಕಾಣಿಸಿಕೊಂಡಳು. ಓಣಿಯ ಹಲಗೆ ನೆಲ ದಾಟಿ ಕಾರ್ಪೆಟ್ಟಿನ ಮೇಲೆ ಕಾಲಿಟ್ಟದ್ದೇ ತಡ, ನನ್ನ ಕೈ ನಿಂತುಹೋಯಿತು.

“ಹಾಸ್ಟೆಲ್ಲಿನವರ ಬೆಡ್‌ಶೀಟ್ ಎಲ್ರೋ?” ಎಂದಳು ಅಮ್ಮ. “ಅಂಗಡಿಗೆ ಬಂದು ನೋಡ್ತೀನಿ, ಮೆಷೀನೇ ಇಲ್ಲ. ಕಳ್ಳರು ಬಂದ್ರು ಅಂತ ಜೀವ ಬಾಯಿಗೆ ಬಂತು. ಪಕ್ಕದ ಮನೆಯವರನ್ನ ಕೇಳಿದ್ರೆ, ನಿಮ್ಮ ಮಕ್ಕಳೇ ವ್ಯಾನಲ್ಲಿ ಸ್ಟುಡಿಯೋಗೆ ಹೊತ್ಕೊಂಡು ಹೋದ್ರು ಅಂತಾರೆ. ಕಳ್ಳರನ್ನ ನಾನೇ ಹೆತ್ತಿದ್ದೀನಿ.”

ಎಲ್ಲರೂ ಅಮ್ಮನ ಕುಂಟು ಕಾಲನ್ನೇ ನೋಡುತ್ತಿದ್ದರು.

“ಏನು ನೋಡ್ತೀರಾ? ಚಪ್ಪಲಿ ಬಿಟ್ಟು ಬರ್ಬೇಕಿತ್ತಾ?”

“ಅಮ್ಮ,” ಎಂದ ಇಂಜಿನಿಯರ್, ಕಳೆದುಹೋದ ವಿನಯವನ್ನೆಲ್ಲ ಹುಡುಕಿ ತಂದು. “ನೀವು ದಯವಿಟ್ಟು ಹೊರಗೆ ಹೋಗಿ.”

“ನೋಡು, ಈಗ್ತಾನೆ ಬಂದಿದ್ದೀನಿ, ಹೊರಗೆ ಹಾಕ್ತಾನೆ.”

“ಹಾಗಲ್ಲ ಅಮ್ಮ, ಓಣೀಲಿ ಸುಮ್ನೆ ಆ ಕಡೆಯಿಂದ ಈ ಕಡೆಗೆ ನಡೀರಿ. ಅಷ್ಟು ಸಾಕು.”

“ಸುಮ್ನೆ ನಡೆಯೋಕೆ ನನಗೇನು ತಲೆ ಕೆಟ್ಟಿದ್ಯಾ? ಕೈಯಲ್ಲಿ ಕೆಲ್ಸ ಬೇಡ್ವಾ?”

ಸರಿ, ಕೆಲಸ ಕೊಟ್ಟೆವು. ಆನೆಯ ಹೊಟ್ಟೆಯಿಂದ ಬೆಡ್‌ಶೀಟುಗಳನ್ನು ಈಚೆಗೆ ಎಳೆದು ಹಿಂಡಿದೆವು. ಓಣಿಯ ಒಂದು ತುದಿಯಲ್ಲಿ ಬುಟ್ಟಿ, ಇನ್ನೊಂದು ತುದಿಯಲ್ಲಿ ಹಗ್ಗ, ನಡುವೆ ನೆಲದ ಹತ್ತಿರ ಒಂದು ಮೈಕು. ಅಮ್ಮನ ಹೆಜ್ಜೆ ನನ್ನ ಹೆಡ್‌ಫೋನಿನೊಳಗೆ ಬರುವ ಹಾಗೆ ಇಂಜಿನಿಯರ್ ವೈರು ಎಳೆದ. ಅಮ್ಮ ಒಂದೊಂದೇ ಬೆಡ್‌ಶೀಟ್ ಹೊತ್ತು ಹೋಗಿ ಹರವಿ ಬರುತ್ತಿದ್ದಳು. ಬಲಗಾಲು ಧಪ್ ಎಂದು ಊರುವುದು, ಎಡಗಾಲು ತ ಎಂದು ತಾಗಿಸಿ ತೆಗೆಯುವುದು. ನಾನು ಬಾರಿಸಿದೆ. ಆ ಡ್ರಮ್ಮರ್ ಬಂದವನು ಬಾಗಿಲಲ್ಲಿ ನಿಂತು ಕೇಳಿ, ಅಮ್ಮನ ಬುಟ್ಟಿ ಹಿಡಿದುಕೊಳ್ಳಲು ಹೋದ. ಪಾಪ, ಒಳ್ಳೆಯವನು.

ನಡುನಡುವೆ ಅಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ ಕಾಲು ಒತ್ತುತ್ತಿದ್ದೆ. “ಆಗುತ್ತಾ ಅಮ್ಮ, ಸಾಕು ಮಾಡೋಣ್ವಾ?” ಎಂದರೆ, “ದಿನಾ ಮಾಡೋ ಕೆಲ್ಸ, ಇದ್ರಲ್ಲೇನಿದೆ,” ಎನ್ನುತ್ತಿದ್ದಳು. ಒಂದು ಹಾಡು ಚುರುಕಾಗಿರಬೇಕೆಂದು ತಮ್ಮ, “ಸ್ವಲ್ಪ ಬೇಗ ನಡಿಯಮ್ಮ,” ಎಂದು ಗೋಗರೆದ. “ಬೇಗ ಬೇಕಿದ್ರೆ ಬಸ್ ಹಿಡಿ,” ಎಂದಳು. ಹಾಗಾಗಿ ‘ಮೊದಲ ಒಗೆತ’ದಲ್ಲಿರುವ ಹಾಡುಗಳೆಲ್ಲ ಒಂದೇ ವೇಗದವು. ಆಲ್ಬಂ ಬಂದ ಮೇಲೆ ಪತ್ರಿಕೆಯಲ್ಲಿ ಒಬ್ಬರು, ‘ಇಡೀ ಕೃತಿಯನ್ನು ಒಂದೇ ಗಂಭೀರ ನಡೆಯಲ್ಲಿ ಕಟ್ಟಿರುವ ಧೈರ್ಯ ಮೆಚ್ಚತಕ್ಕದ್ದು’ ಎಂದು ಬರೆದರು. ಆ ಧೈರ್ಯ ನಮ್ಮದಲ್ಲ, ಬೆಡ್‌ಶೀಟಿನದು. ಕೊನೆಯ ಹಾಡಿನ ನಡುವೆ ‘ಈ ಕಲೆ ಹೋಗಿಲ್ಲ ನೋಡು’ ಎಂದು ಒಂದು ಹೆಂಗಸಿನ ದನಿ ಕೇಳಿಸುತ್ತದೆ. ಅದಕ್ಕೂ ಅವರು ಏನೋ ಆಳವಾದ ಅರ್ಥ ಹಚ್ಚಿದ್ದರು.

ಆಪರೇಷನ್ ಚೆನ್ನಾಗಿ ಆಯಿತು. ಅಮ್ಮ ಮೊದಲು ವಾಕರ್ ಹಿಡಿದು, ಆಮೇಲೆ ಗೋಡೆ ಹಿಡಿದು, ಕೊನೆಗೆ ಏನೂ ಹಿಡಿಯದೆ ನಡೆದಳು. ನೆಟ್ಟಗೆ, ಸಮನಾಗಿ, ಡಾಕ್ಟರು ಹೇಳಿದ ಮೆತ್ತನೆಯ ಶೂ ಹಾಕಿಕೊಂಡು. ಅಂಗಡಿಯೊಳಗೆ ಯಾವಾಗ ಬಂದಳು, ಯಾವಾಗ ಹೋದಳು ತಿಳಿಯುತ್ತಿರಲಿಲ್ಲ. ಅವಳನ್ನು ಹಾಗೆ ನೋಡಿ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಎಷ್ಟು ಗಾಬರಿಯಾಯಿತೆಂದೂ ಹೇಳಲಾರೆ.

ಯಾಕೆಂದರೆ ಆಲ್ಬಂ ಬಿಡುಗಡೆಯ ಕಾರ್ಯಕ್ರಮ ಹತ್ತಿರ ಬಂದಿತ್ತು, ಜನರ ಎದುರು ನುಡಿಸಬೇಕಿತ್ತು, ಮತ್ತು ನನ್ನ ಕೈ ಮತ್ತೆ ಕೈಕೊಟ್ಟಿತ್ತು. ಅಭ್ಯಾಸಕ್ಕೆ ಕೂತರೆ ಹಾಡು ಓಡುವುದು, ತೂಕಡಿಸುವುದು. ತಮ್ಮ ಒಂದು ದಿನ ಗಿಟಾರಿನ ತಂತಿ ತಿರುಚುತ್ತಾ, “ಅವತ್ತು ಬಂದಿದ್ರಲ್ಲ, ಬುಟ್ಟಿ ಹಿಡ್ಕೊಂಡವರು. ಈ ಒಂದು ಕಾರ್ಯಕ್ರಮಕ್ಕೆ ಮಾತ್ರ...” ಎಂದು ಶುರು ಮಾಡಿದ. ನಾನು ಕೈಯಲ್ಲಿದ್ದ ಕೋಲನ್ನೇ ಅವನತ್ತ ಎಸೆದೆ. ಅದೂ ತಾಳ ತಪ್ಪಿ ಆನೆಗೆ ತಗುಲಿತು.

ಅವತ್ತಿನಿಂದ ನಾನು ಕುಂಟತೊಡಗಿದೆ. ಬೇರೆ ದಾರಿ ಹೊಳೆಯಲಿಲ್ಲ. ದಪ್ಪ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು, ಬಟ್ಟೆಯ ರಾಶಿ ಹೊತ್ತು, ಮೇಜಿನಿಂದ ಕಪಾಟಿಗೆ ಧಪ್ ತ, ಧಪ್ ತ. ಅಮ್ಮ ನಡೆದ ದಾರಿಯಲ್ಲೇ ನಡೆದು ತಾಳವನ್ನು ಮೈಗೆ ಹತ್ತಿಸಿಕೊಳ್ಳುವುದು ನನ್ನ ಉಪಾಯ. ಗಿರಾಕಿಗಳು, “ಅಯ್ಯೋ, ನಿಮಗೂ ಬಂತಾ ಸೊಂಟ? ವಂಶದಲ್ಲೇ ಇರ್ಬೇಕು,” ಎಂದು ಮರುಗಿದರು. ಒಬ್ಬರಂತೂ ಎಣ್ಣೆಯ ಸೀಸೆ ತಂದುಕೊಟ್ಟರು. ಆದರೆ ಡ್ರಮ್ಸಿನ ಮುಂದೆ ಕೂತರೆ ಅದೇ ಹಾಡು, ಅದೇ ಪಾಡು.

ಕಾರ್ಯಕ್ರಮದ ಹಿಂದಿನ ದಿನ ಮಧ್ಯಾಹ್ನ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಅಮ್ಮ ಕುರ್ಚಿಯ ಮೇಲೆ ಕೂತು ದಿಂಬಿನ ಕವರು ಮಡಿಸುತ್ತಿದ್ದಳು. ನಾನು ಕುಂಟುತ್ತಿದ್ದೆ.

“ಅದೇನೇ ಅದು, ಕಾಲಿಗೆ ಮುಳ್ಳು ಚುಚ್ಚಿದ ಕೋಳಿ ಥರ,” ಎಂದಳು.

ಮುಚ್ಚಿಡಲು ಹೋಗಲಿಲ್ಲ. “ನಿನ್ನ ಹಾಗೆ ನಡೀತಾ ಇದ್ದೀನಮ್ಮ. ನಾಳೆ ನನ್ನ ಕೈ ಬರ್ಲಿಲ್ಲ ಅಂದ್ರೆ ಬೇರೆಯವರು ಬಾರಿಸ್ತಾರೆ.”

ಅಮ್ಮ ಮಡಿಸುವುದನ್ನು ನಿಲ್ಲಿಸಿದಳು. ಡಬ್ಬ ಬಡಿಯೋದು ನಿಂತರೆ ನಿಲ್ಲಲಿ ಅನ್ನುತ್ತಾಳೆಂದು ಕಾದೆ.

“ನಾನು ಹಾಗೆ ನಡೀತಾ ಇರ್ಲಿಲ್ಲ,” ಎಂದಳು. “ತಾಳು, ತೋರಿಸ್ತೀನಿ.”

ಎದ್ದು ಮೇಜಿನಿಂದ ಕಪಾಟಿನತ್ತ ಹೊರಟಳು. ನೆಟ್ಟಗೆ ಹೋದಳು. ಮುಖ ಗಂಟು ಹಾಕಿಕೊಂಡು ತಿರುಗಿ ಬಂದಳು, ನೆಟ್ಟಗೇ ಬಂದಳು. ಬೇಕೆಂದೇ ಎಡಗಾಲು ಎಳೆದು ನೋಡಿದಳು, ಆ ಹೊಸ ಕೀಲು ಅವಳ ಮಾತು ಕೇಳಲಿಲ್ಲ. ಅಷ್ಟು ವರ್ಷ ಕುಂಟಿದ ಹೆಂಗಸಿಗೆ ಈಗ ಕುಂಟಲು ಬರುತ್ತಿರಲಿಲ್ಲ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಮ್ಮ ಸೊಂಟ ಹಿಡಿದುಕೊಂಡು ನಕ್ಕಳು, ಈ ಸಲ ನೋವಿಗಲ್ಲ.

ನಗು ನಿಂತ ಮೇಲೆ ಕುರ್ಚಿಯಲ್ಲಿ ಕೂತು, “ಬಾಯಲ್ಲಿ ಹೇಳ್ತೀನಿ, ಹಾಗೆ ನಡಿ,” ಎಂದಳು. “ಬಲಗಾಲು ಊರಿ ಅಲ್ಲೇ ಇರು. ಅವಸರ ಮಾಡ್ಬೇಡ, ನಿನ್ನ ತಪ್ಪೇ ಅದು. ಎಡಗಾಲು ಇಡೋಕೆ ಮುಂಚೆ ಸ್ವಲ್ಪ ತಡಿ. ಇಟ್ರೆ ನೋವಾಗುತ್ತೆ ಅಂತ ಗೊತ್ತಿರುತ್ತಲ್ಲ, ಅದಕ್ಕೆ ತಡೀಬೇಕು. ಆಮೇಲೆ ಇಡ್ಲೇಬೇಕು, ಬೇರೆ ದಾರಿ ಇಲ್ಲ. ಇಟ್ಟ ತಕ್ಷಣ ತೆಗೆದುಬಿಡು.”

ನಾನು ಬಲಗಾಲು ಊರಿದೆ. ತಡೆದೆ. ಎಡಗಾಲು ಇಟ್ಟು ತೆಗೆದೆ. ಧಪ್... ತ.

“ಹ್ಞಾ, ಇನ್ನೊಂಚೂರು ತಡಿ.”

ಧಪ್... ತ. ಧಪ್... ತ. ಹಲಗೆ ನೆಲ ಆ ಸದ್ದನ್ನು ಗುರುತು ಹಿಡಿಯಿತು. ಮೈಯೊಳಗೆ ತಾಳ ಬಂದು ಕೂತಿತು. ಆ ತಡೆಯುವ ಗಳಿಗೆಯನ್ನೇ ಜನ ನನ್ನ ಕೈಯ ಗುಣ ಎಂದು ಹೊಗಳಿದ್ದು, ಹುಟ್ಟಿನಿಂದ ಬಂದದ್ದು ಎಂದು ನಾನು ಮೆರೆದದ್ದು. ಕಪಾಟಿನ ಹತ್ತಿರ ಮುಟ್ಟಿದವಳಿಗೆ ಇನ್ನು ಮುಂದೆ ಹೋಗಲಾಗಲಿಲ್ಲ, ಬಟ್ಟೆಯ ರಾಶಿ ಹಿಡಿದು ಹಾಗೇ ನಿಂತೆ.

“ಪ್ರತಿ ಹೆಜ್ಜೆಗೂ ಅಷ್ಟು ನೋವಿತ್ತೇನಮ್ಮ?” ಎಂದೆ.

ಅಮ್ಮ ದಿಂಬಿನ ಕವರೊಂದನ್ನು ಕೊಡವಿ, ಅಂಚಿಗೆ ಅಂಚು ಸೇರಿಸಿ, ಮೊಣಕಾಲಿನ ಮೇಲೆ ಇಟ್ಟುಕೊಂಡು ಸವರಿದಳು.

“ಹೋಗಿ ಕೂತ್ಕೊಂಡು ಬಾರ್ಸು,” ಎಂದಳು. “ಮರೆತುಹೋದೀತು.”